ಹೆಸರಿನ ಋಣ: ದೇವನೂರು ಸೀಮೆಯಲ್ಲಿ ಜೇಡಗಳ ಸಂಗ್ರಹ

ಕನ್ನಡದ ‘ಜೇಡ’ ಎಂಬ ಪದಕ್ಕೆ ಎರಡು ಅರ್ಥಗಳಿವೆ. ಮನೆಯ ಮೂಲೆಯಲ್ಲಿ ಬಲೆ ಕಟ್ಟುವ ಎಂಟು ಕಾಲಿನ ಜೀವಿ ಒಂದು. ಮಗ್ಗದ ಮುಂದೆ ಕುಳಿತ ನೇಕಾರ ಇನ್ನೊಂದು. ಜೇಡರ ದಾಸಿಮಯ್ಯನ ಹೆಸರಿನ ಮೊದಲ ಭಾಗ ಆತನ ಕಾಯಕವನ್ನು ಹೇಳುತ್ತದೆ. ದೇವರ ದಾಸಿಮಯ್ಯ ಮತ್ತು ಜೇಡರ ದಾಸಿಮಯ್ಯ ಒಬ್ಬರೇ ಅಥವಾ ಬೇರೆ ಬೇರೆಯೇ ಎಂಬ ವಿದ್ವಾಂಸರ ಚರ್ಚೆ ಏನೇ ಇರಲಿ, ಆ ವಿಶೇಷಣದ ಅರ್ಥದ ಬಗ್ಗೆ ಸಂಶಯವಿಲ್ಲ. ಸಂಸ್ಕೃತದ ‘ತಂತುವಾಯ’ ಶಬ್ದವೂ ನೇಕಾರನಿಗೂ ಜೇಡಕ್ಕೂ ಸಲ್ಲುತ್ತದೆ. ತೆಲುಗರು ಇದನ್ನು ‘ಸಾಲೆಪುರುಗು’, ಅಂದರೆ ನೇಯುವ ಹುಳು ಎನ್ನುತ್ತಾರೆ. ಇಂಗ್ಲಿಷಿನ ‘ಸ್ಪೈಡರ್’ ಕೂಡ ನೂಲುವುದು ಎಂಬ ಅರ್ಥದ ಧಾತುವಿನಿಂದಲೇ ಹುಟ್ಟಿದ್ದು. ಭಾಷೆಗಳು ಬೇರೆಯಾದರೂ ಜನ ಈ ಜೀವಿಯಲ್ಲಿ ಮೊದಲು ಕಂಡದ್ದು ಅದರ ಕಸುಬನ್ನು.

ಈ ಒಂದು ಪದದ ಹಿಂದೆ ಎಷ್ಟು ಜೀವಿಗಳು ಅಡಗಿವೆ ಎಂಬುದನ್ನು ಕೇಳಿದರೆ ಭಾಷೆಯ ವಿದ್ಯಾರ್ಥಿಗೆ ಅಚ್ಚರಿಯಾಗದಿರದು. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ನಿಸರ್ಗ ಇತಿಹಾಸ ವಸ್ತುಸಂಗ್ರಹಾಲಯವು ನಿರ್ವಹಿಸುವ ಜಾಗತಿಕ ಜೇಡ ಪಟ್ಟಿಯಲ್ಲಿ 2022ರಲ್ಲಿ 50,000ನೆಯ ಪ್ರಭೇದ ದಾಖಲಾಯಿತು. ಇವುಗಳಲ್ಲಿ ಸರಿಸುಮಾರು ಅರ್ಧದಷ್ಟು ಬೇಟೆಗಾಗಿ ಬಲೆಯನ್ನೇ ಕಟ್ಟುವುದಿಲ್ಲ. ಕೆಲವು ಓಡಿ ಹಿಡಿಯುತ್ತವೆ, ಕೆಲವು ಜಿಗಿದು ಹಿಡಿಯುತ್ತವೆ, ಇನ್ನು ಕೆಲವು ಹೂವಿನ ಬಣ್ಣವನ್ನೇ ತಳೆದು ಹೊಂಚಿ ಕೂರುತ್ತವೆ. ಆದರೂ ಹಳೆಯ ಹೆಸರು ಸುಳ್ಳಾಗಿಲ್ಲ. ಬಲೆ ಕಟ್ಟದ ಜೇಡವೂ ಮೊಟ್ಟೆಯ ಚೀಲಕ್ಕೆ ನೂಲು ತೆಗೆಯುತ್ತದೆ. ಜಿಗಿಯುವ ಮುನ್ನ ಹಿಂದೆ ಒಂದು ಎಳೆಯನ್ನು ಅಂಟಿಸಿಕೊಂಡೇ ಜಿಗಿಯುತ್ತದೆ. ಎಲ್ಲ ಜೇಡವೂ ನೇಕಾರನಲ್ಲ, ಆದರೆ ಎಲ್ಲ ಜೇಡವೂ ನೂಲುಗಾರನೇ.

ಈ ಒಂದು ಪದಕ್ಕೂ ಆ ಅರ್ಧ ಲಕ್ಷ ಹೆಸರುಗಳಿಗೂ ನಡುವೆ ಇರುವ ದೂರವನ್ನು ಕಾಲ್ನಡಿಗೆಯಲ್ಲಿ ಅಳೆಯುವ ಕೆಲಸಕ್ಕೆ ಕ್ಷೇತ್ರಕಾರ್ಯ ಎಂದು ಹೆಸರು. ಕಾರ್ತಿಕ ಮಾಸದ ಎರಡು ದಿನ ನಂಜನಗೂಡು ತಾಲ್ಲೂಕಿನ ದೇವನೂರಿನಿಂದ ಹೊರಟು ಕಪಿಲೆಯ ದಡ, ತಿರುಮಕೂಡಲು ನರಸೀಪುರದ ಸಂಗಮ ಮತ್ತು ಬಂಡೀಪುರದ ಅಂಚಿನವರೆಗೆ ಒಂದು ಸಣ್ಣ ತಂಡ ಜೇಡಗಳನ್ನು ಹುಡುಕುತ್ತ ನಡೆಯಿತು. ಪ್ರಾಣಿಶಾಸ್ತ್ರದ ಅಧ್ಯಾಪಕರೊಬ್ಬರು, ಅವರ ಮೂವರು ವಿದ್ಯಾರ್ಥಿಗಳು ಮತ್ತು ಕನ್ನಡ ಎಂ.ಎ. ಓದುತ್ತಿದ್ದ ಒಬ್ಬ ವಿದ್ಯಾರ್ಥಿನಿ ಆ ತಂಡದಲ್ಲಿದ್ದರು. ಈಕೆ ಬಂದದ್ದು ಬೇರೆ ಕಾರಣಕ್ಕೆ. ದೇವನೂರು ಎಂದರೆ ಕನ್ನಡದ ಓದುಗರಿಗೆ ದೇವನೂರ ಮಹಾದೇವರ ಊರು. ‘ದ್ಯಾವನೂರು’ ಎಂದು ಊರಿನವರ ಬಾಯಲ್ಲಿ ಬರುವ ರೂಪವೇ ಅವರ ಮೊದಲ ಕಥಾಸಂಕಲನದ ಹೆಸರಾಯಿತು. 1984ರಲ್ಲಿ ಪ್ರಕಟವಾದ ‘ಕುಸುಮಬಾಲೆ’ಯ ಭಾಷೆ ಇಂದಿಗೂ ಯಾವ ನಿಘಂಟಿಗೂ ಪೂರ್ತಿ ಒಗ್ಗಿಲ್ಲ. ಹುಳು ಹುಪ್ಪಟೆಗಳಿಗೆ ಆ ಸೀಮೆಯಲ್ಲಿ ಬಳಕೆಯಲ್ಲಿರುವ ಪದಗಳನ್ನು ಬರೆದುಕೊಳ್ಳಬೇಕೆಂಬುದು ವಿದ್ಯಾರ್ಥಿನಿಯ ಉದ್ದೇಶವಾಗಿತ್ತು. ಅಕ್ಷರ ಚೆನ್ನಾಗಿದೆ ಎಂಬ ಕಾರಣಕ್ಕೆ ಚೀಟಿ ಬರೆಯುವ ಕೆಲಸವನ್ನೂ ಅಧ್ಯಾಪಕರು ಆಕೆಗೇ ವಹಿಸಿದರು.

ಸಲಕರಣೆಗಳು ಸರಳವಾಗಿದ್ದವು: ಬಟ್ಟೆಯ ಬೀಸುಬಲೆ, ಒಂದು ಹಳೆಯ ಬಿಳಿ ಕೊಡೆ, ಕೋಲು, ಮೆತ್ತನೆಯ ಚಿತ್ರಕಾರರ ಕುಂಚ, ಹಣೆಗೆ ಕಟ್ಟುವ ಟಾರ್ಚು ಮತ್ತು ಮದ್ಯಸಾರ ತುಂಬಿದ ಸಣ್ಣ ಗಾಜಿನ ಸೀಸೆಗಳು. ಪೊದೆಯ ಕೆಳಗೆ ಕೊಡೆಯನ್ನು ಬೋರಲಾಗಿ ಹಿಡಿದು ರೆಂಬೆಗೆ ಎರಡು ಏಟು ಹಾಕಿದರೆ ಎಲೆಗಳ ಮರೆಯಲ್ಲಿದ್ದ ಜೇಡಗಳು ಬಿಳಿ ಬಟ್ಟೆಯ ಮೇಲೆ ಉದುರುತ್ತವೆ. ಬೀಳುತ್ತಲೇ ಕೆಲವು ಸತ್ತಂತೆ ಕಾಲು ಮಡಚಿಕೊಳ್ಳುತ್ತವೆ, ಕೆಲವು ಅಂಚಿಗೆ ಓಡಿ ಎಳೆಯೊಂದನ್ನು ಬಿಟ್ಟು ಕೆಳಗಿಳಿಯುತ್ತವೆ. ಒದ್ದೆ ಮಾಡಿದ ಕುಂಚದ ತುದಿಯಿಂದ ಅವುಗಳನ್ನು ಎತ್ತಬೇಕು. ಬೆರಳಿನಿಂದ ಹಿಡಿದರೆ ಕಾಲು ಮುರಿಯುತ್ತದೆ.

ಮುಂಜಾನೆಯ ಇಬ್ಬನಿ ಇರುವಾಗ ಹೊಲದ ಬದುಗಳನ್ನು ನೋಡಬೇಕು ಎಂದು ಅಧ್ಯಾಪಕರು ಹೇಳಿದ್ದು ಸುಮ್ಮನೆ ಅಲ್ಲ. ಹಗಲಿನಲ್ಲಿ ಬರಿಯ ಹುಲ್ಲಾಗಿ ಕಾಣುವ ಬದು ಆ ಹೊತ್ತಿನಲ್ಲಿ ಬಿಳಿಯ ವಸ್ತ್ರಗಳನ್ನು ಒಣಹಾಕಿದಂತೆ ಕಾಣುತ್ತದೆ. ಅವು ಹಿಪ್ಪಾಸಾ ಎಂಬ ಕುಲದ ಜೇಡಗಳ ಹಾಸುಬಲೆಗಳು. ಹಾಸಿನ ಒಂದು ತುದಿ ಆಲಿಕೆಯಂತೆ ಇಳಿದು ಹುಲ್ಲಿನ ಬುಡದಲ್ಲಿ ಬಿಲವಾಗುತ್ತದೆ. ಆ ಬಿಲದ ಬಾಯಲ್ಲಿ ಜೇಡ ಮುಂಗಾಲುಗಳನ್ನು ಚಾಚಿ ಕೂತಿರುತ್ತದೆ. ಹಾಸಿನ ಮೇಲೆ ಮಿಡತೆ ಬಿದ್ದ ನಡುಕ ಕಾಲಿಗೆ ತಾಗಿದೊಡನೆ ಹೊರಗೆ ಧಾವಿಸುತ್ತದೆ. ಬೇಲಿಯ ಗಿಡಗಳ ನಡುವೆ ಚಕ್ರದಂತಹ ಬಲೆಯ ಮಧ್ಯದಲ್ಲಿ ಆರ್ಜಿಯೋಪೆ ಜೇಡ ಎರಡೆರಡು ಕಾಲುಗಳನ್ನು ಜೋಡಿಸಿ, ಗುಣಾಕಾರದ ಗುರುತಿನಂತೆ ನಿಂತಿತ್ತು. ಕಾಲುಗಳ ನೇರಕ್ಕೆ ಬಲೆಯಲ್ಲಿ ದಪ್ಪನೆಯ ಅಂಕುಡೊಂಕು ಪಟ್ಟಿಗಳನ್ನು ಅದು ನೇಯ್ದಿರುತ್ತದೆ. ಇದನ್ನು ಇಂಗ್ಲಿಷಿನಲ್ಲಿ ಸಹಿ ಹಾಕುವ ಜೇಡ ಎಂದು ಕರೆಯುವುದುಂಟು. ಆ ಪಟ್ಟಿಗಳ ಪ್ರಯೋಜನವೇನು ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಒಮ್ಮತವಿಲ್ಲ. ಹುಳುಗಳನ್ನು ಸೆಳೆಯಲು ಎನ್ನುವವರಿದ್ದಾರೆ, ಹಕ್ಕಿಗಳಿಗೆ ಬಲೆಯನ್ನು ತೋರಿಸಿ ಹರಿಯದಂತೆ ಉಳಿಸಿಕೊಳ್ಳಲು ಎನ್ನುವವರೂ ಇದ್ದಾರೆ.

ಬದುವಿನಲ್ಲಿ ಹುಲ್ಲು ಕುಯ್ಯುತ್ತಿದ್ದ ಒಬ್ಬ ವೃದ್ಧೆ ಕುಡುಗೋಲು ಕೆಳಗಿಟ್ಟು ಇವರ ಬಳಿಗೆ ಬಂದರು.

“ಅದ್ಯಾಕವ್ವ ಜೇಡ್ನ ಸೀಸೇಲಿ ತುಂಬ್ತಿದ್ದೀ?”

“ಹೆಸ್ರು ಕಂಡ್ಕಳಕ್ಕೆ ಅಜ್ಜಿ,” ಎಂದಳು ವಿದ್ಯಾರ್ಥಿನಿ.

“ಅದ್ಕೆ ಹೆಸ್ರಿಲ್ವಾ? ಜೇಡ ಅಂತಾರಲ್ಲ.”

“ಜೇಡ್ದಲ್ಲೇ ನೂರಾರು ತರ ಇದಾವೆ ಅಜ್ಜಿ. ಇದು ಯಾವ್ದು ಅಂತ ಗೊತ್ತಾಗ್ಬೇಕಲ್ಲ.”

ವೃದ್ಧೆ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದರು. ಒಳಗಿನ ಜೇಡ ಕಾಲುಗಳನ್ನು ನಿಧಾನವಾಗಿ ಮಡಚಿಕೊಳ್ಳುತ್ತಿತ್ತು. “ಕೊಲ್ದೆ ಹೆಸ್ರು ಹೇಳಕ್ಕಾಗಕಿಲ್ವಾ ಮೇಷ್ಟ್ರೆ?” ಎಂದು ಅವರು ಅಧ್ಯಾಪಕರನ್ನು ಕೇಳಿದರು.

ಅಧ್ಯಾಪಕರು ಈ ಪ್ರಶ್ನೆಯನ್ನು ತಳ್ಳಿಹಾಕಲಿಲ್ಲ. “ಕೆಲವಕ್ಕೆ ಆಗುತ್ತೆ ತಾಯಿ, ಬಹಳಕ್ಕೆ ಆಗಲ್ಲ,” ಎಂದರು. ಅವರ ಉತ್ತರದ ಹಿಂದಿನ ಕಾರಣ ಹೀಗಿದೆ. ಒಂದೇ ಕುಲದ ಜೇಡಗಳು ಬಣ್ಣದಲ್ಲಿಯೂ ಆಕಾರದಲ್ಲಿಯೂ ಒಂದನ್ನೊಂದು ಹೋಲುತ್ತವೆ. ಒಂದೇ ಪ್ರಭೇದದ ಎರಡು ಜೇಡಗಳು ಬೇರೆ ಬಣ್ಣದವಾಗಿರುವುದೂ ಉಂಟು. ಪ್ರಭೇದವನ್ನು ನಿಶ್ಚಯಿಸುವ ಗುರುತು ಇರುವುದು ಪ್ರೌಢ ಗಂಡಿನ ಬಾಯಿಯ ಪಕ್ಕದ ಸ್ಪರ್ಶಕಾಲುಗಳ ತುದಿಯಲ್ಲಿ, ಪ್ರೌಢ ಹೆಣ್ಣಿನ ಹೊಟ್ಟೆಯ ಅಡಿಭಾಗದ ಜನನಾಂಗದಲ್ಲಿ. ಬೀಗಕ್ಕೆ ಕೀಲಿಯಂತೆ ಹೊಂದುವ ಈ ಅಂಗಗಳನ್ನು ಸೂಕ್ಷ್ಮದರ್ಶಕದ ಕೆಳಗೆ ತಿರುಗಿಸಿ ನೋಡಿದಾಗ ಮಾತ್ರ ಒಂದು ಪ್ರಭೇದ ಇನ್ನೊಂದರಿಂದ ಬೇರ್ಪಡುತ್ತದೆ. ಛಾಯಾಚಿತ್ರ ಎಷ್ಟೇ ಸ್ಫುಟವಾಗಿದ್ದರೂ ಅನೇಕ ಸಂದರ್ಭಗಳಲ್ಲಿ ಅದು ಕುಲದವರೆಗೆ ಮಾತ್ರ ಕರೆದೊಯ್ಯುತ್ತದೆ.

ವೃದ್ಧೆ ಸೀಸೆಯನ್ನು ಹಿಂದಿರುಗಿಸಿ ಮತ್ತೆ ಹುಲ್ಲಿನ ಕಡೆ ನಡೆದರು. ಅವರ ಪ್ರಶ್ನೆ ಮಾತ್ರ ಎರಡು ದಿನವೂ ತಂಡದ ಜೊತೆಯಲ್ಲೇ ನಡೆಯಿತು.

ಸೀಸೆಯೊಳಗೆ ಜೇಡದ ಜೊತೆಗೆ ಒಂದು ಚೀಟಿಯೂ ಇಳಿಯುತ್ತದೆ. ಅದರಲ್ಲಿ ಊರು, ತಾಲ್ಲೂಕು, ಜಿಲ್ಲೆ, ದಿನಾಂಕ, ನೆಲೆ, ಸಂಗ್ರಹಿಸಿದವರ ಹೆಸರು ಇರಬೇಕು. ಅದನ್ನು ಪೆನ್ಸಿಲಿನಲ್ಲಿ ಬರೆಯಬೇಕು. ಸಾಮಾನ್ಯ ಪೆನ್ನಿನ ಶಾಯಿ ಮದ್ಯಸಾರದಲ್ಲಿ ಕರಗಿಹೋಗುತ್ತದೆ. ಚೀಟಿಯನ್ನು ಸೀಸೆಯ ಹೊರಗೆ ಅಂಟಿಸಿದರೆ ಸಾಲದು, ಒಳಗೇ ಇರಬೇಕು. ಹೊರಗಿನ ಚೀಟಿ ಒಂದು ದಿನ ಕಳಚಿಬೀಳುತ್ತದೆ. “ಚೀಟಿ ಇಲ್ಲದ ಜೇಡ ಬರೀ ಸತ್ತ ಜೇಡ,” ಎಂದು ಅಧ್ಯಾಪಕರು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದರು.

ಶಾಸನಗಳನ್ನು ಓದಿದವರಿಗೆ ಈ ಮಾತು ಹೊಸದಲ್ಲ. ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಸನಗಳು ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೂರನೆಯ ಸಂಪುಟದಲ್ಲಿ 1894ರಲ್ಲಿ ಪ್ರಕಟವಾದವು. ಪ್ರತಿ ಶಾಸನಕ್ಕೂ ತಾಲ್ಲೂಕು, ಊರು ಮತ್ತು ಕಲ್ಲು ನಿಂತ ಜಾಗವನ್ನು ಅಲ್ಲಿ ನಮೂದಿಸಲಾಗಿದೆ. ಕೆರೆಯ ಏರಿಯ ಮೇಲಿದ್ದ ವೀರಗಲ್ಲನ್ನು ಕಿತ್ತು, ಎಲ್ಲಿಂದ ತಂದದ್ದೆಂದು ಬರೆಯದೆ ವಸ್ತುಸಂಗ್ರಹಾಲಯದ ಅಂಗಳದಲ್ಲಿ ನಿಲ್ಲಿಸಿದರೆ, ಅಕ್ಷರಗಳು ಉಳಿದರೂ ಅದು ಯಾವ ಊರಿನ ತುರುಗೋಳಿನಲ್ಲಿ ಮಡಿದವನ ಕಲ್ಲು ಎಂಬುದು ಅಳಿದುಹೋಗುತ್ತದೆ. ಸ್ಥಳ ತಪ್ಪಿದ ಶಾಸನವೂ ಚೀಟಿ ತಪ್ಪಿದ ಜೇಡವೂ ಒಂದೇ ಬಗೆಯ ನಷ್ಟ.

ಗ್ರಂಥಸಂಪಾದನೆಯ ಜೊತೆಗೂ ಈ ಶಾಸ್ತ್ರಕ್ಕೆ ಹೋಲಿಕೆಯಿದೆ. ಹೊಸ ಪ್ರಭೇದಕ್ಕೆ ಹೆಸರಿಡುವಾಗ ಒಂದು ನಿರ್ದಿಷ್ಟ ಜೇಡವನ್ನು ಮಾದರಿ ಪ್ರತಿಯಾಗಿ ಆರಿಸಿ ಸಂಗ್ರಹಾಲಯದಲ್ಲಿ ಇಡಬೇಕು. ಮುಂದೆ ಸಂದೇಹ ಬಂದಾಗಲೆಲ್ಲ, ಓಲೆಯ ಮೂಲಪ್ರತಿಗೆ ಹಿಂದಿರುಗುವ ಸಂಪಾದಕನಂತೆ, ಆ ಒಂದು ಸೀಸೆಗೇ ಹಿಂದಿರುಗಬೇಕು. ಪ್ರಾಣಿಗಳ ವೈಜ್ಞಾನಿಕ ನಾಮಕರಣ 1758ರ ಲಿನೇಯಸ್‌ನ ಗ್ರಂಥದಿಂದ ಆರಂಭವಾಯಿತೆಂದು ಒಪ್ಪಲಾಗಿದೆ. ಅದಕ್ಕೂ ಹಿಂದಿನ ಹೆಸರುಗಳು ಊರ್ಜಿತವಲ್ಲ. ಈ ನಿಯಮಕ್ಕೆ ಇರುವ ಒಂದೇ ವಿನಾಯಿತಿ 1757ರಲ್ಲಿ ಸ್ವೀಡನ್ನಿನ ಕಾರ್ಲ್ ಕ್ಲರ್ಕ್ ಪ್ರಕಟಿಸಿದ ಪುಸ್ತಕಕ್ಕೆ, ಮತ್ತು ಅದು ಜೇಡಗಳ ಪುಸ್ತಕ. ಭಾರತದ ಜೇಡಗಳ ಕುರಿತ ಆಧಾರಗ್ರಂಥವನ್ನು ಲಂಡನ್ನಿನ ಆರ್. ಐ. ಪೊಕಾಕ್ 1900ರಲ್ಲಿ ಹೊರತಂದರು. ಶಾಸನಗಳ ಸಂಪುಟ, ಅದೇ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟು ಮತ್ತು ಜೇಡಗಳ ಈ ಗ್ರಂಥ ಮೂರೂ ಆರು ವರ್ಷಗಳ ಅಂತರದಲ್ಲಿ ಬಂದವು. ನಾಡಿನ ಕಲ್ಲು, ಮಾತು, ಹುಳುಗಳನ್ನು ಪಟ್ಟಿಮಾಡುವ ಉತ್ಸಾಹ ಆ ಕಾಲದಲ್ಲಿ ಒಟ್ಟೊಟ್ಟಿಗೆ ನಡೆಯಿತು. ಕಲ್ಲು ಮತ್ತು ಮಾತುಗಳ ಕೆಲಸವನ್ನು ಕನ್ನಡದ ವಿದ್ವಾಂಸರು ಮುಂದೆ ತಮ್ಮದಾಗಿಸಿಕೊಂಡರು. ಹುಳುಗಳ ಕೆಲಸ ಕನ್ನಡದ ಹೊರಗೇ ಉಳಿಯಿತು.

ಮಧ್ಯಾಹ್ನ ತಂಡ ನಂಜನಗೂಡಿನ ಕಪಿಲೆಯ ದಡಕ್ಕೆ ಬಂದಿತು. ನಂಜನ್ನುಂಡವನ ಗೂಡು ಎಂಬ ಅರ್ಥದ ಈ ಊರಿನಲ್ಲಿ ಜೇಡದ ನಂಜಿನ ಮಾತು ಬಾರದೆ ಇರದು. ದಡದಲ್ಲಿ ಬಟ್ಟೆ ಒಗೆಯುತ್ತಿದ್ದವರು ಜೇಡ ಉಚ್ಚೆ ಹೊಯ್ದರೆ ಮೈಮೇಲೆ ಗುಳ್ಳೆ ಏಳುತ್ತವೆ ಎಂದು ವಿದ್ಯಾರ್ಥಿಗಳನ್ನು ಎಚ್ಚರಿಸಿದರು. ಅಂತಹ ಗುಳ್ಳೆಗಳಲ್ಲಿ ಅನೇಕವು ದೀಪಕ್ಕೆ ಬರುವ ಒಂದು ಜಾತಿಯ ಸಣ್ಣ ದುಂಬಿ ಮೈಮೇಲೆ ನಜ್ಜುಗುಜ್ಜಾದಾಗ ಏಳುವಂಥವು. ಆ ಅಪವಾದವನ್ನು ಹೊತ್ತದ್ದು ಜೇಡ. ಬಹುಪಾಲು ಜೇಡಗಳಿಗೆ ವಿಷವಿದೆ ಎಂಬುದು ನಿಜ, ಮನುಷ್ಯನಿಗೆ ಅಪಾಯ ತರುವಂಥವು ತೀರ ಕಡಿಮೆ. ಆದರೆ ಭಯ ಹಳೆಯದು. ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿ ‘ಲೂತಾ’ ಎಂದು ಹದಿನಾರು ಬಗೆಯ ಜೇಡಗಳನ್ನು ಹೇಳಿ, ಎಂಟರ ವಿಷ ಕಷ್ಟಸಾಧ್ಯ, ಎಂಟರದು ಅಸಾಧ್ಯ ಎಂದು ವಿಂಗಡಿಸಲಾಗಿದೆ. 14ನೆಯ ಶತಮಾನದ ಜೈನಕವಿ ಮಂಗರಾಜ ‘ಖಗೇಂದ್ರಮಣಿದರ್ಪಣ’ದಲ್ಲಿ ವಿಷವೈದ್ಯವನ್ನೇ ಕಾವ್ಯದ ವಸ್ತುವಾಗಿಸಿದ. ಪ್ರಾಚೀನರು ಹುಳುವನ್ನು ಎಣಿಸಿದ್ದು ಅದರಿಂದ ಮನುಷ್ಯನಿಗೆ ಆಗುವ ಬಾಧೆಯ ಲೆಕ್ಕದಲ್ಲಿ. ಹುಳುವನ್ನು ಅದಕ್ಕಾಗಿಯೇ ನೋಡುವುದು ಬೇರೆಯ ಅಭ್ಯಾಸ.

ನೀರಿನ ಅಂಚಿನ ಜೊಂಡಿನಲ್ಲಿ ಟೆಟ್ರಾಗ್ನಾಥಾ ಎಂಬ ನೀಳದವಡೆಯ ಜೇಡಗಳು ನೀರಿಗೆ ಸಮಾನಾಂತರವಾಗಿ ಬಲೆ ಕಟ್ಟಿದ್ದವು. ನೀರಿನಿಂದ ಮೇಲೇಳುವ ಸೊಳ್ಳೆ ನೊಣಗಳು ನೇರ ಅದರಲ್ಲಿ ಸಿಕ್ಕಿಕೊಳ್ಳುತ್ತವೆ. ಜೊಂಡನ್ನು ಅಲುಗಿಸಿದರೆ ಜೇಡ ಓಡಿಹೋಗುವುದಿಲ್ಲ. ಮುಂಗಾಲುಗಳನ್ನು ಮುಂದಕ್ಕೂ ಹಿಂಗಾಲುಗಳನ್ನು ಹಿಂದಕ್ಕೂ ಚಾಚಿ, ಕಡ್ಡಿಗೆ ಮೈಯಂಟಿಸಿ ತಾನೂ ಒಂದು ಕಡ್ಡಿಯಾಗಿಬಿಡುತ್ತದೆ. ಕಣ್ಣೆದುರಿಗೇ ಇದ್ದದ್ದನ್ನು ವಿದ್ಯಾರ್ಥಿಗಳು ಮೂರು ಬಾರಿ ದಾಟಿಹೋದರು. ಸಂಜೆ ನರಸೀಪುರದ ಕಡೆಯ ನಾಲೆಬಯಲಿನ ಭತ್ತದ ಗದ್ದೆಗಳಲ್ಲಿಯೂ ಇದೇ ಕುಲದ ಜೇಡಗಳು ಕಂಡವು. ಭತ್ತಕ್ಕೆ ಕಾಟಕೊಡುವ ಕಂದು ಜಿಗಿಹುಳುವನ್ನು ತಿನ್ನುವವುಗಳಲ್ಲಿ ಇವೂ, ಗದ್ದೆಯ ಬುಡದಲ್ಲಿ ಓಡಾಡುವ ತೋಳಜೇಡಗಳೂ ಮುಖ್ಯ. ಔಷಧಿಯನ್ನು ಅತಿಯಾಗಿ ಹೊಡೆದ ಗದ್ದೆಯಲ್ಲಿ ಜೇಡ ಮೊದಲು ಸಾಯುತ್ತದೆ, ಜಿಗಿಹುಳು ಮತ್ತೆ ಹೆಚ್ಚುತ್ತದೆ ಎಂಬುದನ್ನು ಏಷ್ಯಾದ ಭತ್ತದ ನಾಡುಗಳಲ್ಲಿ ಕೃಷಿವಿಜ್ಞಾನಿಗಳು ಹಲವು ದಶಕಗಳ ಹಿಂದೆಯೇ ಕಂಡುಕೊಂಡರು. ಒಂದು ಗದ್ದೆಗೆ ಒಮ್ಮೆ ಸಿಂಪಡಿಸಿದ ಔಷಧಿಗೆ ಬಲಿಯಾಗುವ ಜೇಡಗಳ ಮುಂದೆ ಸಂಗ್ರಾಹಕನ ಸೀಸೆಗಳು ಲೆಕ್ಕಕ್ಕೇ ಬರುವುದಿಲ್ಲ. ಹಾಗೆಂದು ಸೀಸೆಗೆ ಹಾಕುವ ಕೈ ತನ್ನ ಲೆಕ್ಕವನ್ನು ಬಿಡಲಾಗದು. ಗದ್ದೆಯ ಸಾವು ಅರಿಯದೆ ಆದದ್ದು, ಸೀಸೆಯದು ಅರಿತು ಮಾಡಿದ್ದು.

ರಾತ್ರಿ ಕಪಿಲೆ ಕಾವೇರಿಯನ್ನು ಸೇರುವ ಸಂಗಮದ ಬಳಿಯ ಮರಳಿನಲ್ಲಿ ಟಾರ್ಚು ಹಿಡಿದು ಹುಡುಕಾಟ ನಡೆಯಿತು. ಟಾರ್ಚನ್ನು ಹಣೆಯ ಮೇಲೆ, ಕಣ್ಣಿನ ನೇರಕ್ಕೆ ಕಟ್ಟಬೇಕೆಂಬುದಕ್ಕೆ ಕಾರಣವಿದೆ. ತೋಳಜೇಡದ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಬಂದ ದಾರಿಗೇ ಮರಳಿಸುವ ಪದರವಿದೆ. ಬೆಳಕು ನೋಡುವವನ ಕಣ್ಣಿನ ಪಕ್ಕದಿಂದಲೇ ಹೊರಟರೆ ಮಾತ್ರ ಆ ಹೊಳಪು ಕಾಣುತ್ತದೆ. ಹಸಿರು ಛಾಯೆಯ ಸಣ್ಣ ಕಿಡಿಗಳು ಮರಳಿನ ತುಂಬ ಹರಡಿದ್ದವು. ಒಂದು ಕಿಡಿಯ ಬಳಿ ವಿದ್ಯಾರ್ಥಿನಿ ಬಾಗಿದಾಗ ಎರಡು ದೊಡ್ಡ ಹೊಳಪುಗಳ ಹಿಂದೆ ಧೂಳಿನಂತೆ ಅಸಂಖ್ಯ ಸಣ್ಣ ಹೊಳಪುಗಳು ಕಂಡವು. ಅದು ಮರಿಗಳನ್ನು ಬೆನ್ನಮೇಲೆ ಹೊತ್ತ ತಾಯಿ. ಹೆಣ್ಣು ತೋಳಜೇಡ ಮೊಟ್ಟೆಯ ಚೀಲವನ್ನು ನೂಲುವ ಅಂಗಕ್ಕೆ ಅಂಟಿಸಿಕೊಂಡು ತಿರುಗುತ್ತದೆ. ಮರಿ ಹೊರಬಂದ ಮೇಲೆ ಅವನ್ನು ಕೆಲವು ದಿನ ಬೆನ್ನಮೇಲೆ ಹೊರುತ್ತದೆ.

ಶಾಸ್ತ್ರದ ದೃಷ್ಟಿಯಿಂದ ಅದು ಸಂಗ್ರಹಕ್ಕೆ ಯೋಗ್ಯವಾದ ಜೇಡ. ಪ್ರೌಢ ಹೆಣ್ಣು ಎಂಬುದರಲ್ಲಿ ಸಂಶಯವಿಲ್ಲ, ಹೆಸರು ಸಿಗುವುದು ಬಹುಮಟ್ಟಿಗೆ ಖಚಿತ. ವಿದ್ಯಾರ್ಥಿಯೊಬ್ಬ ಸೀಸೆಯ ಮುಚ್ಚಳ ತೆಗೆದ. ಅಧ್ಯಾಪಕರು ಆಜ್ಞೆ ಮಾಡಲಿಲ್ಲ, “ಇದೇ ಜಾತಿಯ ಒಂಟಿ ಹೆಣ್ಣು ಇಲ್ಲೇ ಸಿಗಬಹುದು, ಹುಡುಕುವ ತಾಳ್ಮೆ ಇದೆಯೇ?” ಎಂದಷ್ಟೇ ಕೇಳಿದರು. ಆ ತಾಳ್ಮೆಗೆ ಮತ್ತೆ ಒಂದು ಗಂಟೆ ಹಿಡಿಯಿತು. ಒಂಟಿ ಹೆಣ್ಣೊಂದು ಸಿಕ್ಕಿತು, ಸೀಸೆಗೆ ಹೋಯಿತು. ತಾಯಿಯನ್ನು ಬಿಟ್ಟದ್ದರಿಂದ ಕೊಲೆ ತಪ್ಪಲಿಲ್ಲ. ಒಂದು ಜೀವದ ಬದಲು ನೂರು ಜೀವ ಹೋಗುವುದು ತಪ್ಪಿತು.

ಕನ್ನಡ ಸಾಹಿತ್ಯದ ವಿದ್ಯಾರ್ಥಿನಿಗೆ ಆ ರಾತ್ರಿ ಜನ್ನನ ನೆನಪು ಬಂದಿದ್ದರೆ ಅದು ಸಹಜ. 1209ರ ‘ಯಶೋಧರಚರಿತೆ’ಯಲ್ಲಿ ಕೊಲ್ಲುವುದು ಹಿಟ್ಟಿನ ಕೋಳಿಯನ್ನು. ಅಲ್ಲಿ ನೆತ್ತರು ಹರಿಯುವುದಿಲ್ಲ, ಆದರೂ ಕೊಲ್ಲುವ ಸಂಕಲ್ಪವೇ ಯಶೋಧರನನ್ನೂ ಅವನ ತಾಯಿಯನ್ನೂ ಭವಭವಗಳಲ್ಲಿ ಅಲೆಸುತ್ತದೆ. ಆ ಕಾವ್ಯದ ಮಾನದಂಡದಲ್ಲಿ ಅಳೆದರೆ ಜೇಡದ ಸಂಗ್ರಾಹಕನಿಗೆ ಬಿಡುಗಡೆಯ ದಾರಿಯಿಲ್ಲ. ಸಂಕಲ್ಪವೂ ಇದೆ, ಜೀವವೂ ಹೋಗಿದೆ. ಜೈನಮುನಿ ಮುಂದಿನ ನೊಗದಳತೆಯ ನೆಲವನ್ನು ನೋಡುತ್ತ ಹೆಜ್ಜೆಯಿಡುತ್ತಾನೆ. ಅದಕ್ಕೆ ಈರ್ಯಾಸಮಿತಿ ಎಂದು ಹೆಸರು. ಕೂರುವ ಮುನ್ನ ನವಿಲುಗರಿಯ ಪಿಂಛಿಯಿಂದ ಸಣ್ಣ ಜೀವಿಗಳನ್ನು ಪಕ್ಕಕ್ಕೆ ಸರಿಸುತ್ತಾನೆ. ಸಂಗ್ರಾಹಕನೂ ನೆಲ ನೋಡುತ್ತಲೇ ನಡೆಯುತ್ತಾನೆ, ಅವನ ಕೈಯಲ್ಲಿಯೂ ಮೆತ್ತನೆಯ ಕುಂಚವಿದೆ. ನೋಟದ ಎಚ್ಚರ ಒಂದೇ, ಕುಂಚದ ಗುರಿ ಬೇರೆ. ಈ ವ್ಯತ್ಯಾಸವನ್ನು ಅಳಿಸಿ ಇಬ್ಬರನ್ನೂ ಒಂದೇ ಎನ್ನುವುದು ಸುಲಭದ ಅಲಂಕಾರವಾದೀತು. ಆದರೆ ಆ ಎಚ್ಚರವಿಲ್ಲದೆ ಹೋದರೆ ಸಂಗ್ರಹವು ಸಂಖ್ಯೆಯ ಹಂಬಲವಾಗುತ್ತದೆ ಎಂಬುದನ್ನಂತೂ ಒಪ್ಪಬೇಕು.

ಎರಡನೆಯ ದಿನ ತಂಡ ನಂಜನಗೂಡು ತಾಲ್ಲೂಕಿನ ದಕ್ಷಿಣಕ್ಕೆ, ಹೆಡಿಯಾಲದ ಕಡೆಗೆ ಹೋಯಿತು. ಅಲ್ಲಿ ಹೊಲಗಳು ಮುಗಿದು ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ಕಾಡು ಆರಂಭವಾಗುತ್ತದೆ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಡಿನ ಗಡಿಯೊಳಗೆ ಕಾಲಿಡುವಂತಿಲ್ಲ, ಅಲ್ಲಿಂದ ಒಂದು ಹುಳುವನ್ನೂ ತರುವಂತಿಲ್ಲ. ಆದ್ದರಿಂದ ಅಧ್ಯಾಪಕರು ಸೀಸೆಗಳ ಪೆಟ್ಟಿಗೆಯನ್ನು ಬಿಟ್ಟುಬಂದಿದ್ದರು. ಕಾಡಂಚಿನ ದಾರಿಯಲ್ಲಿ ನಿಂತು ನೋಡುವುದು, ಬರೆಯುವುದು ಇಷ್ಟೇ ಅಂದಿನ ಕೆಲಸ.

ಮುಳ್ಳಿನ ಪೊದೆಗಳ ಮೇಲೆ ಕೊಳೆ ಬಟ್ಟೆಯ ಮುದ್ದೆಗಳಂತೆ ಕಾಣುತ್ತಿದ್ದವು ಸಂಘಜೀವಿ ಜೇಡಗಳ ಗೂಡುಗಳು. ಸ್ಟೆಗೋಡೈಫಸ್ ಸರಸಿನೋರಮ್ ಎಂಬ ಈ ಪ್ರಭೇದಕ್ಕೆ ಜರ್ಮನಿಯ ಕಾರ್ಶ್ 1892ರಲ್ಲಿ ಹೆಸರಿಟ್ಟ. ಒಂಟಿಬಾಳಿನ ಈ ಜೀವಿವರ್ಗದಲ್ಲಿ ಒಂದೇ ಗೂಡಿನಲ್ಲಿ ನೂರಾರು ಜೇಡಗಳು ಕೂಡಿ ಬಾಳುವುದು ಅಪೂರ್ವ. ಬಲೆಯನ್ನು ಅವು ಕೂಡಿಯೇ ಕಟ್ಟುತ್ತವೆ, ಬೇಟೆಯನ್ನು ಕೂಡಿಯೇ ಉಣ್ಣುತ್ತವೆ. ಮರಿಗಳಿಗೆ ತಾಯಿ ತನ್ನ ಒಡಲಿನ ರಸವನ್ನು ಬಾಯಿಂದ ಬಾಯಿಗೆ ಉಣಿಸುತ್ತದೆ; ಕೊನೆಗೆ ಮರಿಗಳು ತಾಯಿಯನ್ನೇ ಉಣ್ಣುತ್ತವೆ. ಸಮೀಪದ ಮರದ ತೊಗಟೆಯ ಮೇಲೆ, ತೊಗಟೆಯದೇ ಬಣ್ಣದಲ್ಲಿ, ಎರಡು ಬಾಲಗಳಂತೆ ಚಾಚಿದ ನೂಲುವ ಅಂಗಗಳ ಹರ್ಸಿಲಿಯಾ ಜೇಡ ಒರಗಿತ್ತು. ಅದು ಬೇಟೆಯ ಸುತ್ತ ಗಿರ್ರನೆ ಸುತ್ತುತ್ತ ಎಳೆಗಳಿಂದ ಬಿಗಿಯುತ್ತದೆ. ಎಲೆಗಳನ್ನು ಹೊಲಿದು ಗೂಡು ಕಟ್ಟುವ ಕೆಂಜಿಗಗಳ ಸಾಲಿನ ಪಕ್ಕದಲ್ಲಿ, ಮುಂಗಾಲುಗಳನ್ನು ಇರುವೆಯ ಮೀಸೆಗಳಂತೆ ಆಡಿಸುತ್ತ ಒಂದು ‘ಇರುವೆ’ ನಡೆದಿತ್ತು. ಕಾಲುಗಳನ್ನು ಎಣಿಸಿದಾಗ ಎಂಟಾದವು. ಅದು ಇರುವೆಯ ವೇಷದ ಜಿಗಿಜೇಡ.

ಹೀಗೆ ಕಂಡವುಗಳಲ್ಲಿ ಸ್ಪಷ್ಟ ಲಕ್ಷಣವಿದ್ದ ಕೆಲವಕ್ಕೆ ಪೂರ್ತಿ ಹೆಸರು ಸಿಕ್ಕಿತು. ಉಳಿದವುಗಳ ಮುಂದೆ ಕುಲದ ಹೆಸರನ್ನಷ್ಟೇ ಬರೆದು ‘ಪ್ರಭೇದ ಅನಿಶ್ಚಿತ’ ಎಂದು ನಿಲ್ಲಿಸಲಾಯಿತು. ಕಲ್ಲಿನಲ್ಲಿ ಅಕ್ಷರ ಸವೆದಿದ್ದರೆ ಶಾಸನತಜ್ಞ ಅಲ್ಲಿ ಚುಕ್ಕೆಗಳನ್ನಿಡುತ್ತಾನೆ. ತನಗೆ ಬೇಕಾದ ಅಕ್ಷರವನ್ನು ತುಂಬುವುದಿಲ್ಲ. ವೃದ್ಧೆಯ ಪ್ರಶ್ನೆಗೆ ಕಾಡಂಚಿನ ಆ ಪುಟಗಳು ಒಂದು ಬಗೆಯ ಉತ್ತರ. ಕೊಲ್ಲದೆ ಹೆಸರು ಹೇಳಬಹುದು, ಆದರೆ ಹಲವು ಸಲ ಅರ್ಧ ಹೆಸರನ್ನು ಮಾತ್ರ. ಆ ಅರ್ಧಕ್ಕೆ ಒಪ್ಪಿ ನಿಲ್ಲುವ ಶಿಸ್ತೂ ವಿದ್ಯೆಯ ಒಂದು ಭಾಗ.

ಹೆಸರು, ಊರು ಎರಡನ್ನೂ ಬರೆಯುವುದರಿಂದ ಕೆಡುಕಾಗುವ ಸಂದರ್ಭವೂ ಇದೆ. ಮರದ ಪೊಟರೆಗಳಲ್ಲಿ ವಾಸಿಸುವ, ಅಂಗೈಯಗಲದ ಪೀಸಿಲೋಥೀರಿಯಾ ಸ್ಟ್ರೈಯೇಟಾ ಎಂಬ ಜೇಡಕ್ಕೆ ಪೊಕಾಕ್ 1895ರಲ್ಲಿ ಹೆಸರಿಟ್ಟರು. ಇಂಗ್ಲಿಷಿನ ರೂಢಿಯಲ್ಲಿ ಅದಕ್ಕೆ ಮೈಸೂರಿನ ಹೆಸರೇ ಅಂಟಿಕೊಂಡಿದೆ. ಅಂದವಾದ ಪಟ್ಟೆಗಳ ಈ ಕುಲದ ಜೇಡಗಳನ್ನು ವಿದೇಶಗಳಲ್ಲಿ ಸಾಕುಪ್ರಾಣಿಗಳಾಗಿ ಮಾರುತ್ತಾರೆ. ಆ ವ್ಯಾಪಾರವನ್ನು ನಿಯಂತ್ರಿಸಲು 2019ರಲ್ಲಿ ಇಡೀ ಕುಲವನ್ನು ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಸೇರಿಸಲಾಯಿತು. ಇಂತಹ ಜೇಡ ಕಂಡ ಮರವನ್ನು ಪ್ರಕಟಿಸುವುದು ನಿಧಿಗಳ್ಳರಿಗೆ ಪಾಳುಗುಡಿಯ ದಾರಿ ತೋರಿಸಿದಂತೆ. ಯಾವ ಚೀಟಿಯನ್ನು ಬರೆಯಬೇಕು, ಯಾವುದನ್ನು ಬಚ್ಚಿಡಬೇಕು ಎಂಬ ವಿವೇಕ ಶಾಸನತಜ್ಞನಿಗೂ ಜೇಡಶಾಸ್ತ್ರಜ್ಞನಿಗೂ ಒಂದೇ ರೀತಿ ಬೇಕು.

ಹೆಸರಿನ ಈ ಲೋಕಕ್ಕೆ ಕನ್ನಡ ಪೂರ್ತಿ ಹೊರಗಿನದಾಗಿ ಉಳಿದಿಲ್ಲ ಎಂಬುದು ಸಮಾಧಾನದ ಸಂಗತಿ. 2024ರಲ್ಲಿ ಕಿರಣ್ ಮರಾಠೆ, ವೇಯ್ನ್ ಮ್ಯಾಡಿಸನ್ ಮತ್ತು ಕೃಷ್ಣಮೇಘ ಕುಂಟೆ ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಜಿಗಿಜೇಡಗಳ ಒಂದು ಹೊಸ ಕುಲವನ್ನು ಗುರುತಿಸಿ ಅದಕ್ಕೆ ‘ತೆಂಕಣ’ ಎಂದು ಹೆಸರಿಟ್ಟರು. ಅದರ ಸಂಬಂಧಿಗಳು ತೇವದ ನೆಲೆಗಳಲ್ಲಿ ಎಲೆಗಳ ಮೇಲಿದ್ದರೆ ಇವು ಒಣಸೀಮೆಯ ನೆಲವನ್ನು ಬಯಸುವಂಥವು. ತುಮಕೂರು ಜಿಲ್ಲೆಯ ಜಯಮಂಗಲಿ ಮತ್ತು ಬೆಂಗಳೂರು ಸೀಮೆಯ ಅರ್ಕಾವತಿ, ಈ ಎರಡು ನದಿಗಳ ಹೆಸರುಗಳು ಆ ಕುಲದ ಎರಡು ಪ್ರಭೇದಗಳಲ್ಲಿ ಉಳಿದಿವೆ. ದಕ್ಷಿಣದ ಎಂಬ ಅರ್ಥದ ‘ತೆಂಕಣ’ ಇಂದು ಆಡುಮಾತಿನಲ್ಲಿ ಅಪರೂಪ. ಪಂಪನ ಬನವಾಸಿಯ ವರ್ಣನೆಯಲ್ಲಿ ಬೀಸುವ ಗಾಳಿಗೆ ಅಂಟಿಕೊಂಡ ಪದವೆಂದು ವಿದ್ಯಾರ್ಥಿಗಳು ಅದನ್ನು ಬಲ್ಲರು. ಹತ್ತನೆಯ ಶತಮಾನದ ಕಾವ್ಯದಲ್ಲಿದ್ದ ಒಂದು ಕನ್ನಡ ವಿಶೇಷಣ ಈಗ ಜಗತ್ತಿನ ಎಲ್ಲ ದೇಶಗಳ ಜೇಡಶಾಸ್ತ್ರಜ್ಞರು ಬರೆಯಲೇಬೇಕಾದ ನಾಮಪದವಾಗಿದೆ. ಆ ಹೆಸರಿನ ಹಿಂದೆಯೂ ಮದ್ಯಸಾರದಲ್ಲಿ ಮುಳುಗಿದ ಒಂದು ಮಾದರಿ ಪ್ರತಿ, ಅದರ ಪಕ್ಕದಲ್ಲಿ ಊರು ದಿನಾಂಕಗಳ ಒಂದು ಚೀಟಿ ಇದ್ದೇ ಇದೆ. ಕನ್ನಡದ ಪದ ಜಗತ್ತಿನ ಪಟ್ಟಿಯನ್ನು ಸೇರಿದಾಗ ಪಡುವ ಹೆಮ್ಮೆಯ ಜೊತೆಗೆ ಈ ಋಣವನ್ನೂ ನೆನೆಯಬೇಕು.

ಪ್ರಯೋಗಾಲಯದಲ್ಲಿ ದೇವನೂರಿನ ಸೀಸೆಗಳನ್ನು ತೆರೆದು ನೋಡಿದಾಗ ಕೆಲವಕ್ಕೆ ಹೆಸರು ಸಿಕ್ಕಿತು. ಸಂಗಮದ ಮರಳಿನ ಒಂಟಿ ಹೆಣ್ಣು ಪಾರ್ಡೋಸಾ ಕುಲದ್ದೆಂದು ಖಚಿತವಾಯಿತು. ಬೇಲಿಯ ಪೊದೆಗಳಿಂದ ಕೊಡೆಗೆ ಉದುರಿದವುಗಳಲ್ಲಿ ಹಲವು ಇನ್ನೂ ಪ್ರಾಯಕ್ಕೆ ಬಾರದವು. ಅವುಗಳಲ್ಲಿ ಗುರುತಿನ ಅಂಗವೇ ಮೂಡಿರಲಿಲ್ಲ. ಅವು ಸತ್ತದ್ದು ಹೆಸರಿಗಾಗಿ, ಆದರೆ ಹೆಸರು ಅವಕ್ಕೆ ದೊರೆಯಲಿಲ್ಲ. ಮುಂದಿನ ಬಾರಿ ಕೊಡೆಗೆ ಬಿದ್ದವುಗಳನ್ನು ಭೂತಗನ್ನಡಿಯಲ್ಲಿ ನೋಡಿ, ಎಳೆಯವನ್ನು ಅಲ್ಲಿಯೇ ಬಿಟ್ಟುಬರಬೇಕೆಂದು ಅಧ್ಯಾಪಕರು ವಿದ್ಯಾರ್ಥಿಗಳ ಪುಸ್ತಕದಲ್ಲಿ ಬರೆಸಿದರು. ಆ ಸೀಸೆಗಳನ್ನು ಎಸೆಯಲಿಲ್ಲ. ವಿದ್ಯಾರ್ಥಿನಿ ಒಂದೊಂದಕ್ಕೂ ಹೊಸ ಚೀಟಿ ಬರೆದಳು: ದೇವನೂರು, ನಂಜನಗೂಡು ತಾಲ್ಲೂಕು, ಮೈಸೂರು ಜಿಲ್ಲೆ, ಹೊಲದ ಬೇಲಿ, ದಿನಾಂಕ. ಹೆಸರಿನ ಜಾಗದಲ್ಲಿ ಬರೆಯಲು ಬೇರೇನೂ ಇರಲಿಲ್ಲವಾದ್ದರಿಂದ ಪೆನ್ಸಿಲಿನಲ್ಲಿ ‘ಜೇಡ, ಎಳೆಯದು’ ಎಂದು ಬರೆದು ಸೀಸೆಯೊಳಗೆ ಇಳಿಸಿದಳು.